ಕೆರೆಗೆ ಟಿಕೆಟ್ ಇಟ್ಟರೆ ಈಜು ಕಲಿಯುವವರು ಯಾರು?

ಕಾಸು ಕೊಡದೆ ಕಲಿಯಬಹುದಾದ ವಿದ್ಯೆಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಸಂಗೀತಕ್ಕೆ ಶುಲ್ಕ, ಚಿತ್ರಕಲೆಗೆ ಶುಲ್ಕ, ಕರಾಟೆಗೆ ಶುಲ್ಕ, ಗಣಿತಕ್ಕಂತೂ ಟ್ಯೂಷನ್ ಇದ್ದೇ ಇದೆ. ಹಳ್ಳಿಯ ಮಕ್ಕಳ ಪಾಲಿಗೆ ಬಿಟ್ಟಿಯಾಗಿ ಉಳಿದುಕೊಂಡಿರುವ ಕೆಲವೇ ವಿದ್ಯೆಗಳಲ್ಲಿ ಈಜು ಒಂದು. ಗುರು ಅಣ್ಣನೋ ಚಿಕ್ಕಪ್ಪನೋ ಆಗಿರುತ್ತಾನೆ. ಶಾಲೆ ಎಂದರೆ ಊರ ಕೆರೆ, ಇಲ್ಲವೇ ಕಲ್ಯಾಣಿ. ನೀರಿಗಿಳಿಯದೆ ಈಜು ಬಾರದು ಎಂಬುದೊಂದೇ ಪಾಠ.

ಆದರೆ ಆ ನೀರಿನ ಮುಂದೆ ಒಂದು ಗೇಟು ಬಂದು, ಗೇಟಿನ ಪಕ್ಕದಲ್ಲಿ ಟಿಕೆಟ್ ಕೊಡುವ ಕಿಟಕಿಯೂ ಬಂದರೆ? ದಬ್ಬೇಘಟ್ಟದಂಥ ಊರಿನಲ್ಲಿ ಹೀಗೆಂದರೆ ನಗುವವರೇ ಹೆಚ್ಚು. ಕೆರೆಗೂ ಟಿಕೆಟ್ಟೇ? ಆದರೆ ಇದು ನಗುವ ಮಾತಲ್ಲ. ಬೆಂಗಳೂರಿನಲ್ಲಿ ಕೆರೆಗಳನ್ನು ಗುತ್ತಿಗೆಗೆ ಕೊಟ್ಟದ್ದೂ, ಲಂಡನ್ನಿನಲ್ಲಿ ಜನ ಈಜುವ ಕೊಳಗಳಿಗೆ ಶುಲ್ಕ ಇಟ್ಟದ್ದೂ ನಡೆದ ಸಂಗತಿಗಳೇ. ಎರಡೂ ಕಡೆ ಜನ ಸುಮ್ಮನೆ ಕೂರಲಿಲ್ಲ. ಅವರು ಏಕೆ ವಿರೋಧಿಸಿದರು, ಅದರಲ್ಲಿ ನ್ಯಾಯ ಎಷ್ಟಿದೆ, ಶುಲ್ಕ ಕೇಳುವವರ ಮಾತಿನಲ್ಲಿ ಹುರುಳು ಎಷ್ಟಿದೆ ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಒಟ್ಟಿಗೆ ಕುಳಿತು ಯೋಚಿಸುವುದು ಒಳ್ಳೆಯದು.

ಅಟ್ಟದ ಕಾಯಿ, ಆರ್ಕಿಮಿಡೀಸ್ ತತ್ತ್ವ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗು ಬರಿಯ ಬೆಳೆಯಲ್ಲ, ಬದುಕು. ಇಲ್ಲಿನ ಉಂಡೆ ಕೊಬ್ಬರಿ ದೇಶದ ಮಾರುಕಟ್ಟೆಗಳಿಗೆ ಹೋಗುತ್ತದೆ. ಸಿಪ್ಪೆ ಸುಲಿಯದ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಮೆಲ್ಲಗೆ ಆರಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ಕೊಬ್ಬರಿಗೆಂದು ಒಣಗಿದ ಇಂಥ ಕಾಯಿ ಈಜು ಕಲಿಯುವ ಹುಡುಗನಿಗೂ ಬಹಳ ಕಾಲದ ಗೆಳೆಯ. ಎರಡು ಕಾಯಿಗಳ ನಾರನ್ನು ಸ್ವಲ್ಪ ಎಬ್ಬಿಸಿ, ಒಂದಕ್ಕೊಂದು ಗಂಟು ಹಾಕಿ, ಬೆನ್ನಿಗೆ ಕಟ್ಟಿದರೆ ಆಯಿತು. ಸೋರೆಬುರುಡೆ, ಕತ್ತಾಳೆ ಬೆಂಡು, ಬಾಳೆದಿಂಡು ಇವೂ ಅದೇ ಕೆಲಸಕ್ಕೆ ಬರುತ್ತವೆ.

ಇದರ ಹಿಂದಿರುವುದು ಪಠ್ಯಪುಸ್ತಕದ ಆರ್ಕಿಮಿಡೀಸ್ ತತ್ತ್ವವೇ. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಎರಡೂವರೆ ಲೀಟರ್ ಗಾತ್ರದ ಒಣಕಾಯಿ ಒಂದು ಕಿಲೋ ತೂಗುತ್ತದೆ ಎಂದುಕೊಳ್ಳಿ. ಅದು ಪೂರ್ತಿ ಮುಳುಗಿದಾಗ ಎರಡೂವರೆ ಕಿಲೋ ನೀರನ್ನು ಸರಿಸುತ್ತದೆ. ತನ್ನ ಒಂದು ಕಿಲೋ ಕಳೆದರೆ ಉಳಿದ ಒಂದೂವರೆ ಕಿಲೋದಷ್ಟು ಭಾರವನ್ನು ಅದು ಹೊತ್ತುಕೊಳ್ಳಬಲ್ಲದು. ಜೋಡಿ ಕಾಯಿ ಮೂರು ಕಿಲೋ ಹೊರುತ್ತದೆ.

ಮೂರು ಕಿಲೋ ಯಾವ ಮೂಲೆಗೆ ಸಾಕು ಎನ್ನಬೇಡಿ. ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಉಸಿರು ತುಂಬಿಕೊಂಡಾಗ ನೀರಿಗಿಂತ ತುಸು ಕಡಿಮೆ, ಬಿಟ್ಟಾಗ ತುಸು ಹೆಚ್ಚು. ಆದ್ದರಿಂದ ಮೂಗು ಬಾಯಿ ಮೇಲಿರುವಂತೆ ಮಾಡಲು ಇಷ್ಟು ಆಸರೆ ಸಾಕಾಗುತ್ತದೆ. ಹೆದರಿ ಕೈಗಳೆರಡನ್ನೂ ಮೇಲಕ್ಕೆತ್ತಿದವನು ಮುಳುಗುವುದಕ್ಕೂ ಇದೇ ಕಾರಣ. ನೀರಿನಿಂದ ಹೊರಗೆ ಬಂದ ಕೈಗೆ ನೀರಿನ ಆಸರೆ ತಪ್ಪಿ, ಅದರ ಭಾರವೆಲ್ಲ ದೇಹದ ಮೇಲೆ ಬೀಳುತ್ತದೆ. ಹೆದರದೆ, ಎದೆ ತುಂಬ ಉಸಿರು ಹಿಡಿದು ಅಂಗಾತ ಮಲಗುವುದನ್ನು ಕಲಿತವನಿಗೆ ಅರ್ಧ ಈಜು ಬಂದಂತೆ.

ಒಂದು ಎಚ್ಚರಿಕೆ. ಕಟ್ಟಿದ ಕಾಯಿ ಜಾರಬಹುದು, ಗಂಟು ಬಿಚ್ಚಬಹುದು. ಈಜು ಬಲ್ಲ ದೊಡ್ಡವರು ಕೈಗೆಟುಕುವ ದೂರದಲ್ಲಿ ಇಲ್ಲದಿದ್ದರೆ ಎಷ್ಟು ಕಾಯಿ ಕಟ್ಟಿದರೂ ಪ್ರಯೋಜನವಿಲ್ಲ.

ಬೆಂಗಳೂರು ಕಲಿಸಿದ ಪಾಠ

ಈಗ ಟಿಕೆಟ್ಟಿನ ವಿಷಯಕ್ಕೆ ಬರೋಣ. 2002ರಲ್ಲಿ ಕರ್ನಾಟಕ ಸರ್ಕಾರ ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತು. ಕೆರೆಗಳ ಹೂಳೆತ್ತಿ, ಕೊಳಚೆ ತಡೆದು, ಕಾಯಲು ಹಣ ಬೇಕಷ್ಟೆ. ಖಾಸಗಿ ಕಂಪನಿಗಳು ಆ ಖರ್ಚು ಹೊರಲಿ, ಪ್ರವೇಶ ಶುಲ್ಕ, ದೋಣಿವಿಹಾರ, ತಿಂಡಿ ಅಂಗಡಿಗಳಿಂದ ಅವು ಹಣ ಮರಳಿ ಪಡೆಯಲಿ ಎಂಬುದು ಆಗಿನ ಯೋಚನೆ. ಅದರಂತೆ ಹೆಬ್ಬಾಳ, ನಾಗವಾರ, ಅಗರ ಮತ್ತು ವೆಂಗಯ್ಯನ ಕೆರೆಗಳನ್ನು ಗುತ್ತಿಗೆಗೆ ಕೊಡಲಾಯಿತು.

ಇವು ಈಜುವ ತಾಣಗಳೆಂದು ಹೆಸರಾದವಲ್ಲ. ಆದರೂ ಪ್ರಶ್ನೆ ಒಂದೇ: ಊರಿನ ನೀರಿನ ದಡಕ್ಕೆ ಹೋಗಲು ಊರಿನವರೇ ಹಣ ಕೊಡಬೇಕೇ? ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಸಂಜೆ ತಿರುಗಾಡುವವರು ಎಲ್ಲರ ಪಾಲೂ ಕೆರೆಯಲ್ಲಿದೆ. ಪರಿಸರಾಸಕ್ತರು ಜನರೊಂದಿಗೆ ಸೇರಿ ಪ್ರತಿಭಟಿಸಿದರು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೆರೆಗಳ ಸ್ಥಿತಿಗತಿಯನ್ನು ನೋಡಿ 2011ರಲ್ಲಿ ವರದಿ ಕೊಟ್ಟಿತು. 2012ರಲ್ಲಿ ಹೈಕೋರ್ಟು ಕೆರೆಗಳ ರಕ್ಷಣೆಗಾಗಿ ಜಿಲ್ಲಾ ಮಟ್ಟದಲ್ಲಿಯೂ ಸಮಿತಿಗಳಿರಬೇಕೆಂದು ಆದೇಶಿಸಿತು.

ಇದಕ್ಕೂ ಮೊದಲೇ ಸುಪ್ರೀಂ ಕೋರ್ಟು ಇದೇ ಹಾದಿಯ ಎರಡು ಮುಖ್ಯ ಮಾತುಗಳನ್ನು ಹೇಳಿತ್ತು. ನದಿ, ಕಾಡು, ಕಡಲತೀರಗಳಂಥ ನಿಸರ್ಗ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂದು 1996ರ ಕಮಲ್ ನಾಥ್ ಪ್ರಕರಣದಲ್ಲಿ ಅದು ಹೇಳಿತು. ಕೆರೆ ಕಟ್ಟೆಗಳು ಇಡೀ ಸಮುದಾಯದ ಸಂಪತ್ತು ಎಂಬುದನ್ನು 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಎತ್ತಿಹಿಡಿಯಿತು.

ಲಂಡನ್ನಿನ ಈಜುಗೊಳಗಳು

ಈಜಿಗೇ ಶುಲ್ಕ ಇಟ್ಟ ಕಥೆ ಲಂಡನ್ನಿನದು. ಆ ಮಹಾನಗರದ ಉತ್ತರಕ್ಕೆ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ವಿಶಾಲವಾದ ಬಯಲಿದೆ. ಅದನ್ನು ಎಂದೆಂದಿಗೂ ಬೇಲಿಯಿಲ್ಲದೆ, ಕಟ್ಟಡವಿಲ್ಲದೆ ತೆರೆದಿಡಬೇಕು ಎಂಬ ಕಾನೂನು 1871ರಲ್ಲಿಯೇ ಆಗಿದೆ. ಅಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು, ಎಲ್ಲರಿಗೂ ಸೇರಿ ಒಂದು ಹೀಗೆ ಮೂರು ಈಜುವ ಕೊಳಗಳಿವೆ. ಜನ ತಲೆಮಾರುಗಳಿಂದ ಅಲ್ಲಿ ಈಜುತ್ತಾ ಬಂದಿದ್ದಾರೆ.

2005ರಲ್ಲಿ ಅಲ್ಲಿನ ಆಡಳಿತ ಈಜಿಗೆ ಶುಲ್ಕ ಇಟ್ಟಿತು. ಜನ ಬಲವಾಗಿ ವಿರೋಧಿಸಿದರು. ಕೊಡುವವರು ಕೊಟ್ಟರು, ಬಿಡುವವರು ಬಿಟ್ಟರು. ಒತ್ತಾಯವೇನೂ ಇರಲಿಲ್ಲ. 2020ರಲ್ಲಿ ಶುಲ್ಕ ಕಡ್ಡಾಯವಾಯಿತು. ಒಂದು ಸಲದ ಈಜಿಗೆ ನಾಲ್ಕು ಪೌಂಡು, ಎಂದರೆ ಸುಮಾರು 400 ರೂಪಾಯಿ. ವೃದ್ಧರು, ಅಂಗವಿಕಲರು ಮುಂತಾದವರಿಗೆ ರಿಯಾಯಿತಿ ಇತ್ತು. ಆದರೆ ಪ್ರತಿದಿನ ನೀರಿಗಿಳಿದು ಮೈನೋವು ಮರೆಯುವವರಿಗೆ ರಿಯಾಯಿತಿಯ ದರವೂ ಹೊರೆಯೇ. ಅಂಗವಿಕಲ ಮಹಿಳೆಯೊಬ್ಬರು ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ತೀರ್ಪು ಆಡಳಿತದ ಪರವಾಗಿ ಬಂತು. ಜನರ ವಿರೋಧವೆಲ್ಲ ಗೆಲ್ಲುತ್ತದೆ ಎಂದೇನೂ ಇಲ್ಲ.

ಅದೇ ಕೊಳಗಳ ಇನ್ನೊಂದು ಮೊಕದ್ದಮೆಯೂ ಸ್ವಾರಸ್ಯವಾಗಿದೆ. ಚಳಿಗಾಲದ ಮುಂಜಾನೆ, ಕಾವಲುಗಾರರು ಬರುವ ಮೊದಲೇ ಈಜಬೇಕೆಂಬ ಹವ್ಯಾಸಿಗಳ ಸಂಘಕ್ಕೆ ಆಡಳಿತ ಅನುಮತಿ ಕೊಡಲಿಲ್ಲ. ಅವಘಡವಾದರೆ ಹೊಣೆ ತನ್ನ ಮೇಲೆ ಬರುತ್ತದೆ ಎಂಬ ಭಯ ಅದಕ್ಕೆ. ಚೆನ್ನಾಗಿ ಈಜು ಬಲ್ಲ ವಯಸ್ಕರು ತಿಳಿದೂ ತಿಳಿದು ನೀರಿಗಿಳಿದರೆ ಆ ಹೊಣೆ ಅವರದೇ ಎಂದು 2005ರಲ್ಲಿ ನ್ಯಾಯಾಲಯ ಹೇಳಿತು. ಗಮನಿಸಿ, ಇದು ವಯಸ್ಕರ ಮಾತು. ಮಕ್ಕಳ ಹೊಣೆ ಯಾವಾಗಲೂ ದೊಡ್ಡವರದೇ.

ಶುಲ್ಕ ಬೇಕೆನ್ನುವವರ ವಾದ

ಶುಲ್ಕ ಇಡುವವರೆಲ್ಲ ದುರಾಸೆಯವರು ಎನ್ನುವುದು ಸರಿಯಲ್ಲ. ಜೀವರಕ್ಷಕನಿಗೆ ಸಂಬಳ ಬೇಕು. ಹಗ್ಗ, ತೇಲುಬಳೆ ಬೇಕು. ಮೆಟ್ಟಿಲ ಪಾಚಿ ತೆಗೆಯಬೇಕು. ಬಟ್ಟೆ ಬದಲಿಸಲು ಮರೆ ಬೇಕು, ಶೌಚಾಲಯ ಬೇಕು. ಬಂದವರು ಎಸೆದ ಬಾಟಲಿ, ಪ್ಲಾಸ್ಟಿಕ್ ಚೀಲಗಳನ್ನು ಯಾರಾದರೂ ಹೆಕ್ಕಬೇಕು. ಇದೆಲ್ಲ ಗಾಳಿಯಿಂದ ಬರುವುದಿಲ್ಲ. ಬಳಸುವವರೇ ಕೊಡಲಿ ಎಂಬುದು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ.

ಇಲ್ಲಿ ಎರಡು ವ್ಯತ್ಯಾಸಗಳನ್ನು ಗುರುತಿಸಬೇಕು. ಮೊದಲನೆಯದು, ಈಜುಕೊಳ ಬೇರೆ, ಕೆರೆ ಬೇರೆ. ಸಿಮೆಂಟಿನಲ್ಲಿ ಕಟ್ಟಿ, ಪಂಪಿನಿಂದ ನೀರು ತುಂಬಿಸಿ, ಕ್ಲೋರಿನ್ ಬೆರೆಸಿ ನಡೆಸುವ ಈಜುಕೊಳಕ್ಕೆ ಟಿಕೆಟ್ ಇಟ್ಟರೆ ಆಕ್ಷೇಪವಿಲ್ಲ. ಕೆರೆಯನ್ನು ಟಿಕೆಟ್ ಇಡುವವರು ಕಟ್ಟಲಿಲ್ಲ. ಹಿಂದಿನವರು ಮಣ್ಣು ಹೊತ್ತು ಏರಿ ಹಾಕಿದರು, ತೂಬು ಇಟ್ಟರು, ಕೋಡಿ ಕಟ್ಟಿದರು. ಉಳಿದದ್ದು ಮಳೆಯ ಕೆಲಸ.

ಎರಡನೆಯದು, ಹಣ ಕೂಡಿಸಲು ಗೇಟೊಂದೇ ದಾರಿಯಲ್ಲ. ಬೀದಿದೀಪದ ಬೆಳಕಿಗೆ ಟಿಕೆಟ್ ಇಲ್ಲ. ಗ್ರಂಥಾಲಯವನ್ನೇ ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಸೇರುತ್ತದೆ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಪತ್ರಿಕೆ ಓದಲು ಬರುವ ಹುಡುಗನನ್ನು ಬಾಗಿಲಲ್ಲಿ ಯಾರೂ ಕಾಸು ಕೇಳುವುದಿಲ್ಲ. ಓದು ಎಲ್ಲರಿಗೂ ಬೇಕಾದದ್ದು ಎಂದು ನಾಡು ಒಪ್ಪಿಕೊಂಡದ್ದರಿಂದ ಇದು ಸಾಧ್ಯವಾಯಿತು. ಈಜು ಜೀವ ಉಳಿಸುವ ವಿದ್ಯೆ. ಅದು ಓದಿಗಿಂತ ಕಡಿಮೆಯೇ?

ಒಂದು ಸಣ್ಣ ಲೆಕ್ಕ ನೋಡಿ. ಶುಲ್ಕ ಇಪ್ಪತ್ತೇ ರೂಪಾಯಿ ಎಂದಿಟ್ಟುಕೊಳ್ಳೋಣ. ಬೇಸಿಗೆ ರಜೆಯಲ್ಲಿ ಒಂದು ಮಗು ಮೂವತ್ತು ದಿನ ನೀರಿಗಿಳಿದರೆ 600 ರೂಪಾಯಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ 1,200 ರೂಪಾಯಿ. ಒಂದು ದಿನದ ವಿಹಾರಕ್ಕೆ ಬಂದವರಿಗೆ ಇಪ್ಪತ್ತು ರೂಪಾಯಿ ಏನೂ ಅಲ್ಲ. ದಿನವೂ ಬರಬೇಕಾದ ಕೂಲಿಯವರ ಮಕ್ಕಳಿಗೆ ಅದು ಮುಚ್ಚಿದ ಬಾಗಿಲು.

ಗೇಟು ಮುಚ್ಚಿದರೆ ಹುಡುಗ ಎಲ್ಲಿಗೆ ಹೋಗುತ್ತಾನೆ?

ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹತ್ತು ಹನ್ನೆರಡರ ಹುಡುಗರ ಗುಂಪು ಟಿಕೆಟ್ ಇಲ್ಲವೆಂದು ಮನೆಗೆ ಮರಳಿ ಪಾಠ ಓದುತ್ತದೆಯೇ? ಇಲ್ಲ. ಗೇಟಿಲ್ಲದ, ದೊಡ್ಡವರಿಲ್ಲದ ನೀರನ್ನು ಹುಡುಕಿಕೊಂಡು ಹೋಗುತ್ತದೆ. ತೆಂಗಿನ ಸೀಮೆಯಲ್ಲಿ ಅಂಥ ನೀರು ಬೇಕಾದಷ್ಟಿದೆ.

ಮೊದಲನೆಯದು ಕೃಷಿ ಹೊಂಡ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ರೈತರಿಗೆ ಉಪಕಾರವಾಗಿದೆ. ಆದರೆ ನೀರು ಇಂಗದಿರಲೆಂದು ಹೊಂಡದೊಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಅದರ ಮೇಲೆ ಕಾಲು ನಿಲ್ಲದು. ಘರ್ಷಣೆ ಇಲ್ಲದ ಇಳಿಜಾರನ್ನು ಹತ್ತುವುದು ಈಜು ಬಲ್ಲವನಿಗೂ ಕಷ್ಟ. ಇಂಥ ಹೊಂಡಕ್ಕೆ ಸುತ್ತ ಬೇಲಿಯೂ, ಒಳಗೆ ಗಂಟು ಹಾಕಿದ ಹಗ್ಗವೂ ಇರಲೇಬೇಕು.

ಎರಡನೆಯದು ಹೇಮಾವತಿ ನಾಲೆ. ಸಿಮೆಂಟಿನ ಇಳಿಜಾರು ಗೋಡೆ, ಹಿಡಿಯಲು ಬೇರಿಲ್ಲ, ಹುಲ್ಲಿಲ್ಲ. ಹರಿವ ನೀರಿನ ವೇಗ ಎರಡು ಪಟ್ಟಾದರೆ ಅದು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ. ದಡದಿಂದ ಶಾಂತವಾಗಿ ಕಾಣುವ ನಾಲೆ ನಡುವೆ ಎಳೆದೊಯ್ಯುವುದು ಹೀಗೆ.

ಮೂರನೆಯದು ಹೂಳೆತ್ತಿದ ಗುಂಡಿ. ಯಂತ್ರದಿಂದ ಮಣ್ಣು ತೆಗೆದ ಕೆರೆಯಲ್ಲಿ ಅಂಗಳ ಮೊದಲಿನಂತೆ ಮೆಲ್ಲಗೆ ಇಳಿಯುವುದಿಲ್ಲ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳುದ್ದದ ಗುಂಡಿ ಇರಬಹುದು. ತಿಳಿನೀರಾದರೂ ಕಣ್ಣನ್ನು ನಂಬುವಂತಿಲ್ಲ. ಬೆಳಕಿನ ವಕ್ರೀಭವನದಿಂದಾಗಿ, ನೇರ ಮೇಲಿನಿಂದ ನೋಡಿದರೆ ನೀರಿನ ಆಳ ಇರುವುದರ ಮುಕ್ಕಾಲು ಭಾಗ ಮಾತ್ರ ಕಾಣುತ್ತದೆ. ಆರು ಅಡಿ ಎಂದು ಕಂಡ ಕಲ್ಯಾಣಿ ನಿಜಕ್ಕೂ ಎಂಟು ಅಡಿ ಇರುತ್ತದೆ!

ಪಕ್ಕದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ವಿಷಯವನ್ನೂ ಇಲ್ಲಿ ಹೇಳಬೇಕು. ಶಿಂಷಾ ನದಿಯ ಈ ಅಣೆಕಟ್ಟೆಯಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್ ಇದೆ. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ, ಯಾರೂ ಗೇಟು ಎತ್ತದೆಯೇ ನೀರು ರಭಸದಿಂದ ಹೊರನುಗ್ಗುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚಬೇಕಾದ ಏರ್ಪಾಡು. ಆದರೆ ಅದರ ಕೆಳಗೆ ಆಟಕ್ಕಿಳಿದವರಿಗೆ ಓಡಲು ಸಮಯ ಸಿಗದು. ಯಾವುದೇ ಅಣೆಕಟ್ಟೆಯ ಕೆಳಗಿನ ನೀರು ಆಟದ ಜಾಗವಲ್ಲ.

ನೀರು ನುಂಗಿದ ಲೆಕ್ಕ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ ಭಾರತದಲ್ಲಿ 2022ರ ಒಂದೇ ವರ್ಷ 38 ಸಾವಿರಕ್ಕೂ ಹೆಚ್ಚು ಜನ ಹೀಗೆ ಸತ್ತರು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ಸಲಹೆಗಳಲ್ಲೊಂದು.

ಬಡ ದೇಶದಲ್ಲಿ ಇದು ಆಗುವ ಮಾತೇ ಎಂದರೆ, ಬಾಂಗ್ಲಾದೇಶ ಮಾಡಿ ತೋರಿಸಿದೆ. ಅಲ್ಲಿನ ಹಳ್ಳಿಗಳಲ್ಲಿ ಈಜುಕೊಳ ಕಟ್ಟಲಿಲ್ಲ. ಊರ ಕೊಳದಲ್ಲೇ ಬಿದಿರಿನ ಅಟ್ಟಣೆ ಇಳಿಸಿ, ಮಗುವಿನ ಎದೆಮಟ್ಟಕ್ಕೆ ಆಳವನ್ನು ತಡೆದು, ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರಿಂದ ಪಾಠ ಹೇಳಿಸಿದರು. ನಾಲ್ಕು ವರ್ಷ ಮೀರಿದ ಮಕ್ಕಳೆಲ್ಲ ಕಲಿಯಬಹುದಿತ್ತು, ಹೆಣ್ಣುಮಕ್ಕಳೂ ಕೂಡ. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಗ್ಗಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಳೆಯ ಬೇಲಿ, ಹೊಸ ಬೇಲಿ

ಹಿಂದೆ ಎಲ್ಲ ಚೆನ್ನಾಗಿತ್ತು, ಕೆರೆ ಎಲ್ಲರಿಗೂ ತೆರೆದಿತ್ತು ಎಂದರೆ ಅದು ಪೂರ್ತಿ ಸತ್ಯವಲ್ಲ. ಕಾಸು ಕೇಳುತ್ತಿರಲಿಲ್ಲ, ಜಾತಿ ಕೇಳುತ್ತಿದ್ದರು. ಮಹಾರಾಷ್ಟ್ರದ ಮಹಾಡ್‌ನಲ್ಲಿ ಚವದಾರ್ ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರರು 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ನಡೆಯಬೇಕಾಯಿತು. ಆ ನೋವಿನ ನೆನಪು ಸಂವಿಧಾನದಲ್ಲಿಯೇ ಇದೆ. 15ನೇ ವಿಧಿಯ ಎರಡನೇ ಖಂಡವನ್ನು ವಿದ್ಯಾರ್ಥಿಗಳು ತೆಗೆದು ನೋಡಬೇಕು. ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆಂದು ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾರಿಗೂ ಅಡ್ಡಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ದೇಶದ ಅತಿ ದೊಡ್ಡ ಕಾನೂನಿನಲ್ಲಿ ಸ್ನಾನಘಟ್ಟದ ಹೆಸರೂ ಇದೆ!

ಆ ಪಟ್ಟಿಯಲ್ಲಿ ಬಡತನದ ಮಾತಿಲ್ಲ. ಆದ್ದರಿಂದ ಟಿಕೆಟ್ ಇಡುವುದು ಈ ವಿಧಿಯ ಉಲ್ಲಂಘನೆ ಎಂದು ಹೇಳಲಾಗದು. ಆದರೆ ಜಾತಿಯ ಬೇಲಿಯಿಂದ ಹೊರಗೆ ನಿಂತಿದ್ದವರ ಮೊಮ್ಮಕ್ಕಳೇ ಕಾಸಿನ ಬೇಲಿಯ ಹೊರಗೂ ಹೆಚ್ಚಾಗಿ ನಿಲ್ಲಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಹೆಣ್ಣುಮಕ್ಕಳ ವಿಷಯವೂ ಹಾಗೆಯೇ. ಗಂಡುಹುಡುಗರು ಕಲಿತ ಕೆರೆಯಲ್ಲಿ ಅಕ್ಕತಂಗಿಯರು ದಡದಲ್ಲಿ ಬಟ್ಟೆ ಕಾಯುತ್ತಾ ಕೂತದ್ದೇ ಹೆಚ್ಚು. ಇಬ್ಬರಿಗಾಗುವಷ್ಟು ಶುಲ್ಕ ಇಲ್ಲದ ಮನೆಯಲ್ಲಿ ಯಾರನ್ನು ಕಳಿಸುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರವರು ಏನು ಮಾಡಬಹುದು?

ಬರಿಯ ವಿರೋಧ ಸಾಲದು. ಟಿಕೆಟ್ ಬೇಡ ಎನ್ನುವ ಊರು ಕಾಯುವ ಕೆಲಸವನ್ನು ತಾನೇ ಹೊರಬೇಕು. ಕೆರೆಯ ಒಂದು ಮೂಲೆಯಲ್ಲಿ ಗುಂಡಿ ಇಲ್ಲದ, ಆಳ ಅಳೆದ ಜಾಗ ಗುರುತಿಸಿ ಗೂಟ ನೆಟ್ಟು ಹಗ್ಗ ಕಟ್ಟಬಹುದು. ಬಾಂಗ್ಲಾದ ಬಿದಿರಿನ ಅಟ್ಟಣೆಯನ್ನು ಇಲ್ಲಿ ಅಡಿಕೆ ದಬ್ಬೆಯಿಂದಲೂ ಮಾಡಬಹುದು. ಬೇಸಿಗೆಯ ಎರಡು ತಿಂಗಳು ಬೆಳಗಿನ ಹೊತ್ತು ಈಜು ಬಲ್ಲ ಇಬ್ಬರನ್ನು ಪಂಚಾಯತಿ ನೇಮಿಸಬಹುದು. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಕಲಿಸಲು ಹೆಂಗಸರು, ಬಟ್ಟೆ ಬದಲಿಸಲು ಮರೆ ಇರಲಿ. ದೂರದಿಂದ ಕಾರಿನಲ್ಲಿ ಬರುವವರಿಂದ ವಾಹನ ನಿಲುಗಡೆಗೆ ಹಣ ಪಡೆದರೆ ಯಾರೂ ಬೇಡವೆನ್ನರು. ಆದರೆ ನೀರಿಗಿಳಿಯುವ ಮಗುವಿನ ಕೈಯಿಂದ ಬೇಡ.

ವಿದ್ಯಾರ್ಥಿಗಳಿಗೂ ಇಲ್ಲಿ ಪಾತ್ರವಿದೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಇದೆ. ಶಾಲೆಗೆ ಕಾಂಪೌಂಡು, ಕುಡಿಯುವ ನೀರು ಕೇಳುವಂತೆ ಅಲ್ಲಿ ಇದನ್ನೂ ಕೇಳಿ: ಊರಲ್ಲಿ ಈಜು ಕಲಿಯಲು ಸುರಕ್ಷಿತ ಜಾಗ ಯಾವುದು? ಯಾವ ಕೃಷಿ ಹೊಂಡಕ್ಕೆ ಬೇಲಿ ಇಲ್ಲ? ಹೂಳೆತ್ತಿದ ಗುಂಡಿ ಎಲ್ಲೆಲ್ಲಿವೆ? ಪಟ್ಟಿ ಮಾಡಿ ಕೊಡಿ. ದೊಡ್ಡವರಿಗೆ ಕಾಣದ ಗುಂಡಿಗಳು ಮಕ್ಕಳಿಗೆ ಗೊತ್ತಿರುತ್ತವೆ.

ಪೋಷಕರಿಗೆ ಒಂದು ಮಾತು. ನೀರಿನ ಹತ್ತಿರ ಹೋಗಬೇಡ ಎಂದು ಗದರಿಸಿದರೆ ಮಗು ಹೇಳದೆ ಹೋಗುತ್ತದೆ. ನೀವೇ ಕರೆದುಕೊಂಡು ಹೋಗಿ, ಇಲ್ಲವೇ ಬಲ್ಲವರ ಜೊತೆ ಕಳಿಸಿ. ಮಾತ್ರೆ, ಲಸಿಕೆಗಳಷ್ಟೇ ಈಜೂ ಮಗುವಿನ ಆರೋಗ್ಯಕ್ಕೆ ಸಂಬಂಧಿಸಿದ್ದು.

ಮನೆಯಲ್ಲೇ ಮಾಡಿ ನೋಡಿ

ದೊಡ್ಡ ಬಕೆಟ್ಟಿನ ಅಂಚಿನವರೆಗೆ ನೀರು ತುಂಬಿ ಅಗಲವಾದ ತಟ್ಟೆಯಲ್ಲಿಡಿ. ಅಟ್ಟದ ಒಣಕಾಯಿಯೊಂದನ್ನು ತೂಗಿ ತೂಕ ಬರೆದುಕೊಳ್ಳಿ. ಅದನ್ನು ಮೆಲ್ಲಗೆ ಒತ್ತಿ ಪೂರ್ತಿ ಮುಳುಗಿಸಿ. ಕೈಗೆ ತಾಗುವ ಒತ್ತಡವೇ ಮೇಲ್ಮುಖ ಬಲ. ತಟ್ಟೆಗೆ ಚೆಲ್ಲಿದ ನೀರನ್ನು ಲೀಟರಿನಲ್ಲಿ ಅಳೆಯಿರಿ. ಒಂದು ಲೀಟರಿಗೆ ಒಂದು ಕಿಲೋ ಎಂದು ಹಿಡಿದು, ಅದರಿಂದ ಕಾಯಿಯ ತೂಕ ಕಳೆಯಿರಿ. ಆ ಕಾಯಿ ಎಷ್ಟು ಭಾರ ಹೊರಬಲ್ಲದೆಂದು ತಿಳಿಯುತ್ತದೆ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೂ ಇದೇ ಲೆಕ್ಕ ಹಾಕಿ. ಸುಮಾರು ಐದು ಕಿಲೋ ಬರುತ್ತದೆ. ಯಾರಾದರೂ ಮುಳುಗುತ್ತಿದ್ದರೆ ನೀವು ನೀರಿಗೆ ಧುಮುಕಬೇಡಿ. ಹಗ್ಗ ಕಟ್ಟಿದ ಇಂಥ ಕ್ಯಾನನ್ನು ಎಸೆಯಿರಿ, ಉದ್ದದ ಗಳ ಚಾಚಿ, ಕೂಗಿ ದೊಡ್ಡವರನ್ನು ಕರೆಯಿರಿ. ನಿಮ್ಮೂರ ಕೆರೆಯ ದಡದಲ್ಲಿ ಅಂಥ ಒಂದು ಕ್ಯಾನು, ಇಪ್ಪತ್ತು ಮೀಟರ್ ತೆಂಗಿನ ನಾರಿನ ಹಗ್ಗ ಸದಾ ಇರುವಂತೆ ನೋಡಿಕೊಳ್ಳುವುದು ಒಂದು ತರಗತಿಯ ಮಕ್ಕಳಿಂದ ಆಗದ ಕೆಲಸವೇನಲ್ಲ.